ಹೆಸರಿಲ್ಲದ 31ನೇ ನಂಬರ್

2025ರ ಜೂನ್ 6ರಂದು ಕ್ಯಾಲಿಫೋರ್ನಿಯಾದ ಫೆಡರಲ್ ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕನ್ ಒಂದು ರಾಜಿ ಒಪ್ಪಂದಕ್ಕೆ ಅಂಕಿತ ಹಾಕಿದರು. ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಎಂಬ ಸಂಸ್ಥೆ ಹಾಗೂ ದೊಡ್ಡ ವಿಶ್ವವಿದ್ಯಾಲಯಗಳ ಒಕ್ಕೂಟಗಳು ಮುಂದಿನ ಹತ್ತು ವರ್ಷಗಳಲ್ಲಿ ಹಳೆಯ ಆಟಗಾರರಿಗೆ ಸುಮಾರು 280 ಕೋಟಿ ಡಾಲರ್ ಪರಿಹಾರ ಕೊಡಬೇಕು. ನಮ್ಮ ಲೆಕ್ಕದಲ್ಲಿ ಅದು ಹತ್ತಿರ ಹತ್ತಿರ 24 ಸಾವಿರ ಕೋಟಿ ರೂಪಾಯಿ. ಜೊತೆಗೆ, 2025–26ರ ಸಾಲಿನಿಂದ ಒಂದೊಂದು ವಿಶ್ವವಿದ್ಯಾಲಯವೂ ತನ್ನ ಆಟಗಾರರಿಗೆ ವರ್ಷಕ್ಕೆ ಸುಮಾರು 2.05 ಕೋಟಿ ಡಾಲರ್‌ವರೆಗೆ ನೇರವಾಗಿ ಹಂಚಬಹುದು. ನೂರು ವರ್ಷಗಳಿಂದ 'ಕಾಲೇಜು ಹುಡುಗರು ಹಣಕ್ಕಾಗಿ ಆಡುವುದಿಲ್ಲ' ಎನ್ನುತ್ತ ಬಂದ ವ್ಯವಸ್ಥೆಗೆ ಇದು ಸಣ್ಣ ಬದಲಾವಣೆಯಲ್ಲ.

ಈ ಪರಿಹಾರ ಸಿಗುವುದು 2016ರಿಂದೀಚೆಗೆ ಆಡಿದವರಿಗೆ. ಹಾಗಾಗಿ ಈ ಬಾಗಿಲನ್ನು ಮೊದಲು ತಟ್ಟಿದವನ ಹೆಸರು ಆ ಪಟ್ಟಿಯಲ್ಲಿಲ್ಲ. ಅವರು ಎಡ್ ಓಬ್ಯಾನನ್. ಕಾಲೇಜಿನಲ್ಲಿ ದೇಶವೇ ತಿರುಗಿ ನೋಡುವಂತೆ ಆಡಿ, ವೃತ್ತಿಪರ ಆಟದಲ್ಲಿ ನೆಲೆ ನಿಲ್ಲದೆ, ಕೊನೆಗೆ ಲಾಸ್ ವೇಗಸ್ ಬಳಿ ಕಾರು ಮಾರುವ ಕೆಲಸಕ್ಕೆ ಸೇರಿದ ಬ್ಯಾಸ್ಕೆಟ್‌ಬಾಲ್ ಆಟಗಾರ. ಮೈಕೆಲ್ ಜೋರ್ಡನ್ ಗೊತ್ತಿರುವ ನಮ್ಮಲ್ಲಿ ಬಹಳ ಮಂದಿಗೆ ಈ ಹೆಸರು ಗೊತ್ತಿರಲಾರದು. ಪುಣೆಯ ಕಚೇರಿಯೊಂದರಲ್ಲಿ ಕುಳಿತು ಡೇಟಾದೊಂದಿಗೆ ದಿನ ಕಳೆಯುವ ನನ್ನಂಥವನಿಗೆ ಮಾತ್ರ ಇವರ ಕಥೆ ಆಟದ ಕಥೆಯಾಗಿ ಉಳಿದಿಲ್ಲ. ಒಬ್ಬ ಮನುಷ್ಯನ ಹೆಸರನ್ನು ತೆಗೆದುಹಾಕಿ ಉಳಿದದ್ದನ್ನೆಲ್ಲ ಮಾರಿಕೊಳ್ಳಬಹುದೇ? ಅವರು ನ್ಯಾಯಾಲಯದ ಮುಂದಿಟ್ಟ ಪ್ರಶ್ನೆಯ ತಿರುಳು ಇದು. ಅದೇ ಪ್ರಶ್ನೆ ಈಗ ನಮ್ಮ ಮನೆ ಬಾಗಿಲಿಗೂ ಬಂದಿದೆ.

ಓಬ್ಯಾನನ್ ಹುಟ್ಟಿದ್ದು 1972ರಲ್ಲಿ, ಲಾಸ್ ಏಂಜಲೀಸ್‌ನಲ್ಲಿ. ಶಾಲಾ ದಿನಗಳಲ್ಲೇ ದೇಶದ ಅತ್ಯುತ್ತಮ ಹುಡುಗರಲ್ಲಿ ಒಬ್ಬರೆಂದು ಹೆಸರು ಮಾಡಿದ್ದರು. 1990ರಲ್ಲಿ ಯುಸಿಎಲ್‌ಎ ವಿಶ್ವವಿದ್ಯಾಲಯ ಸೇರಿದರು. ತಂಡದ ಪರ ಒಂದು ಪಂದ್ಯ ಆಡುವ ಮೊದಲೇ ಮಂಡಿಯ ಅಸ್ಥಿರಜ್ಜು ಹರಿಯಿತು. ವರ್ಷಕ್ಕೂ ಮೇಲ್ಪಟ್ಟು ಅಂಗಣದ ಹೊರಗೆ ಕೂತರು. ಹಾಗೆ ಕುಂಟುತ್ತ ಶುರುವಾದ ಪಯಣ ಮುಗಿದದ್ದು ಮಾತ್ರ ಶಿಖರದ ಮೇಲೆ. 1995ರ ಏಪ್ರಿಲ್ 3ರಂದು ಸಿಯಾಟಲ್‌ನಲ್ಲಿ ನಡೆದ ರಾಷ್ಟ್ರೀಯ ಫೈನಲ್‌ನಲ್ಲಿ ಯುಸಿಎಲ್‌ಎ 89–78ರಿಂದ ಅರ್ಕನ್ಸಾ ತಂಡವನ್ನು ಸೋಲಿಸಿತು. ಓಬ್ಯಾನನ್ 30 ಅಂಕ ಗಳಿಸಿ 17 ರಿಬೌಂಡ್ ಹಿಡಿದರು. ತಮ್ಮ ಚಾರ್ಲ್ಸ್ ಕೂಡ ಅದೇ ತಂಡದಲ್ಲಿದ್ದರು. ದಂತಕಥೆಯಾದ ಕೋಚ್ ಜಾನ್ ವುಡನ್ 1975ರಲ್ಲಿ ನಿವೃತ್ತರಾದ ಮೇಲೆ ಇಪ್ಪತ್ತು ವರ್ಷ ಬರಗಾಲ ಕಂಡಿದ್ದ ಆ ವಿಶ್ವವಿದ್ಯಾಲಯಕ್ಕೆ ಸಿಕ್ಕ ಮೊದಲ ಪ್ರಶಸ್ತಿ ಅದು. ಟೂರ್ನಿಯ ಶ್ರೇಷ್ಠ ಆಟಗಾರ ಎಂಬ ಗೌರವ ಓಬ್ಯಾನನ್ ಅವರದಾಯಿತು. ಅವರು ತೊಡುತ್ತಿದ್ದ 31ನೇ ನಂಬರಿನ ಜೆರ್ಸಿಯನ್ನು ಯುಸಿಎಲ್‌ಎ ಮುಂದೆ ಬೇರೆ ಯಾರಿಗೂ ಕೊಡದೆ ಶಾಶ್ವತವಾಗಿ ಎತ್ತಿಟ್ಟಿತು. ಈ ನಂಬರನ್ನು ನೆನಪಿಟ್ಟುಕೊಳ್ಳಿ.

ಅದೇ ವರ್ಷ ಎನ್‌ಬಿಎ ಆಯ್ಕೆಯಲ್ಲಿ ನ್ಯೂಜೆರ್ಸಿ ನೆಟ್ಸ್ ತಂಡ ಅವರನ್ನು ಒಂಬತ್ತನೆಯವರಾಗಿ ಆರಿಸಿಕೊಂಡಿತು. ಅಲ್ಲಿ ಆಟ ಕುದುರಲಿಲ್ಲ. ಡಲ್ಲಾಸ್‌ಗೆ ಹೋದರು, ಅಲ್ಲೂ ನಿಲ್ಲಲಿಲ್ಲ. ಎರಡೇ ಸೀಸನ್‌ಗೆ ಎನ್‌ಬಿಎ ಮುಗಿಯಿತು. ಆಮೇಲೆ ಇಟಲಿ, ಸ್ಪೇನ್, ಪೋಲೆಂಡ್ ಎಂದು ಊರೂರು ಅಲೆದು ಕ್ಲಬ್‌ಗಳಿಗೆ ಆಡಿದರು. ಮೂವತ್ತು ದಾಟುತ್ತಲೇ ಆಟ ಬಿಟ್ಟು, ಹೆಂಡತಿ ಮಕ್ಕಳೊಂದಿಗೆ ನೆವಾಡಾದಲ್ಲಿ ನೆಲೆಸಿ ಕಾರು ಮಳಿಗೆಯೊಂದರಲ್ಲಿ ಉದ್ಯೋಗಿಯಾದರು.

ಇಲ್ಲಿ ಒಂದು ಕ್ಷಣ ನಿಂತು ಲೆಕ್ಕ ಹಾಕಬೇಕು. ಕಾಲೇಜು ಆಟಗಾರರಿಗೆ ಹಣ ಕೊಡಬಾರದು ಎನ್ನುವವರ ದೊಡ್ಡ ಸಮರ್ಥನೆ, 'ಮುಂದೆ ವೃತ್ತಿಪರರಾದಾಗ ಗಳಿಸುತ್ತಾರಲ್ಲ' ಎಂಬುದು. ಆದರೆ ಎನ್‌ಸಿಎಎ ಪ್ರಕಾರವೇ ಕಾಲೇಜು ಆಟಗಾರರಲ್ಲಿ ವೃತ್ತಿಪರರಾಗುವವರು ಶೇ 2ಕ್ಕಿಂತ ಕಡಿಮೆ. ಉಳಿದವರ ಆಟಕ್ಕೆ ಮಾರುಕಟ್ಟೆಯಲ್ಲಿ ಬೆಲೆ ಇರುವುದು ಆ ನಾಲ್ಕು ವರ್ಷ ಮಾತ್ರ. ಓಬ್ಯಾನನ್ ಎನ್‌ಬಿಎ ತನಕ ಹೋದ ಅದೃಷ್ಟವಂತರು, ನಿಜ. ಆದರೂ ಅವರ ಬದುಕಿನ ಅತ್ಯುತ್ತಮ ಆಟ ಕಾಲೇಜಿನಲ್ಲೇ ಆಗಿಹೋಗಿತ್ತು. ಕೋಟ್ಯಂತರ ಜನ ಟಿ.ವಿ. ಮುಂದೆ ಕೂತು ಅವರನ್ನು ನೋಡಿದ್ದು ಆಗ, ಜಾಹೀರಾತುದಾರರು ದುಡ್ಡು ಸುರಿದದ್ದು ಆಗ. ಅವರಿಗೆ ಸಿಕ್ಕಿದ್ದು ಶುಲ್ಕ, ಊಟ, ವಸತಿಯ ವಿದ್ಯಾರ್ಥಿವೇತನ. ಆ ಟೂರ್ನಿಯ ಪ್ರಸಾರ ಹಕ್ಕನ್ನು ಎನ್‌ಸಿಎಎ 2010ರಲ್ಲಿ 14 ವರ್ಷಕ್ಕೆ 1,080 ಕೋಟಿ ಡಾಲರ್‌ಗೆ ಮಾರಿತು ಎಂದರೆ ಆ ಸಂತೆಯ ಗಾತ್ರ ಊಹಿಸಿಕೊಳ್ಳಬಹುದು.

ಈ ವ್ಯವಸ್ಥೆಯನ್ನು ಹಿಡಿದು ನಿಲ್ಲಿಸಿದ್ದ ಗಟ್ಟಿ ಕಂಬ ಒಂದು ಪದ: 'ವಿದ್ಯಾರ್ಥಿ–ಕ್ರೀಡಾಪಟು'. ಕೇಳಲು ಮುಗ್ಧವಾಗಿದೆ. 1950ರ ದಶಕದಲ್ಲಿ ಆಡುವಾಗ ಗಾಯಗೊಂಡವರು, ಸತ್ತವರ ಕುಟುಂಬದವರು ಕಾರ್ಮಿಕರಿಗೆ ಸಿಗುವ ಪರಿಹಾರ ಕೇಳತೊಡಗಿದಾಗ, ಇವರು ನೌಕರರಲ್ಲ, ವಿದ್ಯಾರ್ಥಿಗಳು ಎಂದು ವಾದಿಸಲು ಹುಟ್ಟಿಸಿದ ಪದ ಅದು. ಎನ್‌ಸಿಎಎಯ ಮುಖ್ಯಸ್ಥರಾಗಿ ಮೂರು ದಶಕಕ್ಕೂ ಹೆಚ್ಚು ಕಾಲ ಆಳಿದ ವಾಲ್ಟರ್ ಬೈಯರ್ಸ್ ನಿವೃತ್ತಿಯ ನಂತರ ತಮ್ಮ ಪುಸ್ತಕದಲ್ಲಿ ಇದನ್ನು ತಾವೇ ಬರೆದರು. ಒಂದು ಪದ ಅರವತ್ತು ವರ್ಷ ಕಾಲ ಲಕ್ಷಾಂತರ ಜನರ ಬೆವರಿನ ಲೆಕ್ಕವನ್ನು ಮುಚ್ಚಿಟ್ಟಿತು.

2008ರಲ್ಲಿ ಓಬ್ಯಾನನ್ ಸ್ನೇಹಿತರೊಬ್ಬರ ಮನೆಗೆ ಹೋಗಿದ್ದಾಗ ಆ ಮನೆಯ ಹುಡುಗ, 'ನೀವು ನನ್ನ ವಿಡಿಯೊ ಗೇಮ್‌ನಲ್ಲಿದ್ದೀರಿ' ಎಂದ. ಹಾಕಿ ತೋರಿಸಿದ. ಇಎ ಸ್ಪೋರ್ಟ್ಸ್ ಕಂಪನಿಯ ಕಾಲೇಜು ಬ್ಯಾಸ್ಕೆಟ್‌ಬಾಲ್ ಆಟ. ಪರದೆಯ ಮೇಲೆ ಯುಸಿಎಲ್‌ಎ ತಂಡ. ಅದರಲ್ಲಿ ಅವರನ್ನೇ ಹೋಲುವ ಒಬ್ಬ ಎಡಗೈ ಆಟಗಾರ; ಅದೇ ಬೋಳು ತಲೆ, ಅದೇ ಮೈಬಣ್ಣ, ಜೆರ್ಸಿಯ ಮೇಲೆ 31. ಹೆಸರು ಮಾತ್ರ ಎಲ್ಲೂ ಇಲ್ಲ. ಇದಕ್ಕೆ ಅವರನ್ನು ಯಾರೂ ಒಂದು ಮಾತು ಕೇಳಿರಲಿಲ್ಲ, ಒಂದು ಡಾಲರ್ ಕೊಟ್ಟಿರಲಿಲ್ಲ. ವಿಶ್ವವಿದ್ಯಾಲಯವೇ ಆ ನಂಬರನ್ನು ಅವರಿಗೆಂದು ಎತ್ತಿಟ್ಟ ಮೇಲೆ ಪರದೆಯ ಮೇಲಿದ್ದವನು ಬೇರೆ ಯಾರಾಗಲು ಸಾಧ್ಯ?

ಹೆಸರನ್ನು ಬಿಟ್ಟಿದ್ದು ಮರೆವಿನಿಂದಲ್ಲ. ಸ್ಯಾಮ್ ಕೆಲರ್ ಎಂಬ ಫುಟ್‌ಬಾಲ್ ಆಟಗಾರ 2009ರಲ್ಲಿ ಇದೇ ಕಂಪನಿಯ ಮೇಲೆ ಹಾಕಿದ ದಾವೆಯಲ್ಲಿ ಗೇಮ್ ತಯಾರಾಗುತ್ತಿದ್ದ ಬಗೆ ಬೆಳಕಿಗೆ ಬಂತು. ಆಟಗಾರನ ಎತ್ತರ, ತೂಕ, ಮೈಬಣ್ಣ, ಕೂದಲಿನ ಬಣ್ಣ, ತವರು ರಾಜ್ಯ ಎಲ್ಲವೂ ನಿಜದ ಹುಡುಗನಿಗೆ ಹೊಂದುತ್ತಿದ್ದವು. ಯಾರು ಯಾವ ಬಗೆಯ ಪಟ್ಟಿ ಕಟ್ಟುತ್ತಾರೆ, ಹೆಲ್ಮೆಟ್ ಹೇಗಿರುತ್ತದೆ ಎಂಬ ಥರದ ವಿವರಗಳಿಗಾಗಿ ತಂಡಗಳ ಸಲಕರಣೆ ನೋಡಿಕೊಳ್ಳುವವರಿಗೆ ಪ್ರಶ್ನಾವಳಿ ಕಳಿಸುತ್ತಿದ್ದರು. ಜೆರ್ಸಿಯ ಮೇಲೆ ಹೆಸರು ಬರೆಯುತ್ತಿರಲಿಲ್ಲ, ಅಷ್ಟೆ. ಆಡುವವರು ಬೇಕಾದರೆ ಹೆಸರುಗಳ ಪಟ್ಟಿಯನ್ನು ಆನ್‌ಲೈನ್‌ನಿಂದ ಇಳಿಸಿಕೊಂಡು ತುಂಬಿಸಿಕೊಳ್ಳಬಹುದಿತ್ತು.

ನಮ್ಮ ವೃತ್ತಿಯವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಒಂದು ಕೋಷ್ಟಕದಲ್ಲಿ ಇಪ್ಪತ್ತು ಕಾಲಂ ಇವೆ. ಅದರಲ್ಲಿ 'ಹೆಸರು' ಎಂಬ ಒಂದು ಕಾಲಂ ಅಳಿಸಿ, 'ಡೇಟಾ ಈಗ ಅನಾಮಿಕ' ಎಂದು ಷರಾ ಬರೆಯುವುದು ನಮ್ಮಲ್ಲಿ ದಿನನಿತ್ಯದ ಮಾತು. ಎಂಟೆಕ್ ಓದುವಾಗ ಲತಾನ್ಯಾ ಸ್ವೀನಿ ಎಂಬ ಅಮೆರಿಕದ ಸಂಶೋಧಕಿಯ ಕೆಲಸವನ್ನು ನಮಗೆ ಪಾಠವಾಗಿ ಇಟ್ಟಿದ್ದರು. ಹುಟ್ಟಿದ ದಿನಾಂಕ, ಲಿಂಗ, ಐದಂಕಿಯ ಅಂಚೆ ಸಂಖ್ಯೆ ಈ ಮೂರೇ ಸಾಕು, ಅಮೆರಿಕದ ಶೇ 87ರಷ್ಟು ಜನರನ್ನು ಒಬ್ಬೊಬ್ಬರಾಗಿ ಬೇರ್ಪಡಿಸಬಹುದು ಎಂದು ಆಕೆ ಅಂದಾಜು ಮಾಡಿದ್ದರು. ಮೂರು ಕಾಲಂಗೆ ಈ ಗತಿಯಾದರೆ, ಎಡಗೈ ಆಟ, ಬೋಳು ತಲೆ, ಯುಸಿಎಲ್‌ಎ, 1995, 31 ಎಂಬ ಐದು ಗುರುತು ಸೇರಿದಾಗ ಭೂಮಿಯ ಮೇಲೆ ಉಳಿಯುವುದು ಒಬ್ಬನೇ ಮನುಷ್ಯ. ಹೆಸರು ಅಳಿಸಿದ್ದರಿಂದ ಬಚಾವಾದದ್ದು ಆತನ ಗೋಪ್ಯತೆಯಲ್ಲ, ಆತನಿಗೆ ಕೊಡಬೇಕಿದ್ದ ಹಣ.

2009ರ ಜುಲೈನಲ್ಲಿ ಓಬ್ಯಾನನ್ ಎನ್‌ಸಿಎಎ ಮತ್ತು ಪರವಾನಗಿ ವ್ಯವಹಾರ ನೋಡಿಕೊಳ್ಳುತ್ತಿದ್ದ ಕಂಪನಿಯ ಮೇಲೆ ದಾವೆ ಹೂಡಿದರು. ಬೆನ್ನಿಗೆ ನಿಂತವರಲ್ಲಿ ಸನ್ನಿ ವಕಾರೊ ಒಬ್ಬರು. ಒಂದು ಕಾಲಕ್ಕೆ ಶೂ ಕಂಪನಿಗಳ ಪರವಾಗಿ ಕಾಲೇಜು ಕೋಚ್‌ಗಳಿಗೆ ಹಣ ಹರಿಸಿ, ಆ ಮಾರುಕಟ್ಟೆಯ ಒಳಹೊರಗನ್ನು ಬಲ್ಲವರು. 2011ರಲ್ಲಿ ಇಬ್ಬರು ಮಹಾನ್ ಆಟಗಾರರು ಜೊತೆಯಾದರು. ಒಬ್ಬರು ಬಿಲ್ ರಸೆಲ್, ಹನ್ನೊಂದು ಎನ್‌ಬಿಎ ಪ್ರಶಸ್ತಿ ಗೆದ್ದವರು. ಇನ್ನೊಬ್ಬರು ಆಸ್ಕರ್ ರಾಬರ್ಟ್‌ಸನ್, 1970ರಲ್ಲಿ ಎನ್‌ಬಿಎ ವಿರುದ್ಧವೇ ದಾವೆ ಹೂಡಿ ಆಟಗಾರರಿಗೆ ತಂಡ ಬದಲಿಸುವ ಸ್ವಾತಂತ್ರ್ಯದ ದಾರಿ ತೆರೆದವರು. ಎಪ್ಪತ್ತರ ಆಸುಪಾಸಿನ ಈ ಹಿರಿಯರಿಗೆ ಹಣದ ದರ್ದು ಇರಲಿಲ್ಲ.

ಕಂಪನಿಯ ವಾದ, ಇದು ಕಲಾಕೃತಿ, ವಾಕ್ ಸ್ವಾತಂತ್ರ್ಯದ ರಕ್ಷಣೆ ಇದಕ್ಕಿದೆ ಎಂಬುದಾಗಿತ್ತು. 2013ರ ಜುಲೈನಲ್ಲಿ ಕೆಲರ್ ಪ್ರಕರಣದಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ನಿಜದ ಆಟಗಾರನನ್ನು ಅವನು ಹೆಸರು ಮಾಡಿದ ಅದೇ ಅಂಗಣದಲ್ಲಿ, ಅದೇ ಆಟ ಆಡಿಸಿದರೆ ಅದರಲ್ಲಿ ಹೊಸ ಸೃಷ್ಟಿ ಎಲ್ಲಿದೆ ಎಂಬುದು ತೀರ್ಪಿನ ಸಾರ. ಎರಡು ತಿಂಗಳಲ್ಲಿ ಇಎ ಮತ್ತು ಪರವಾನಗಿ ಕಂಪನಿ 4 ಕೋಟಿ ಡಾಲರ್‌ಗೆ ರಾಜಿ ಮಾಡಿಕೊಂಡವು. ಕಾಲೇಜು ಗೇಮ್ ಸರಣಿ ನಿಂತುಹೋಯಿತು. ಅದಕ್ಕೆ ಅನೇಕ ಅಭಿಮಾನಿಗಳು ಬೈದದ್ದು ಕಂಪನಿಯನ್ನಲ್ಲ, ಓಬ್ಯಾನನ್ ಅವರನ್ನು. ಆಟ ನಿಲ್ಲಲಿ ಎಂದು ಅವರು ಕೇಳಿರಲೇ ಇಲ್ಲ. ಆಡುವವರಿಗೆ ಪಾಲು ಕೊಡಿ ಎಂದಿದ್ದರು.

ಎನ್‌ಸಿಎಎ ಮಾತ್ರ ಬಗ್ಗಲಿಲ್ಲ. ವಿಚಾರಣೆ ಶುರುವಾಗುವ ಮುನ್ನ ಓಬ್ಯಾನನ್ ಮತ್ತು ಸಂಗಡಿಗರು ಮುಖ್ಯವಾದ ಹೆಜ್ಜೆಯೊಂದನ್ನಿಟ್ಟರು. ತಮಗೆ ಪರಿಹಾರದ ಹಣ ಬೇಕು ಎಂಬ ಬೇಡಿಕೆಯನ್ನು ಕೈಬಿಟ್ಟು, ನಿಯಮ ಬದಲಾಗಲಿ ಎಂಬುದನ್ನಷ್ಟೇ ಉಳಿಸಿಕೊಂಡರು. ಜ್ಯೂರಿ ಇಲ್ಲದೆ ನ್ಯಾಯಾಧೀಶರೇ ತೀರ್ಮಾನಿಸುವಂತೆ ಮಾಡುವ ಕಾನೂನಿನ ಲೆಕ್ಕಾಚಾರ ಅದರಲ್ಲಿತ್ತು. ಆದರೆ ಅದರ ಅರ್ಥ, ಗೆದ್ದರೂ ತಮ್ಮ ಜೇಬಿಗೆ ಬರುವುದು ಏನೂ ಇಲ್ಲ ಎಂದೇ. 2014ರ ಜೂನ್‌ನಲ್ಲಿ ಓಕ್‌ಲ್ಯಾಂಡ್‌ನ ಕಟಕಟೆಯಲ್ಲಿ ಮೊದಲ ಸಾಕ್ಷಿಯಾಗಿ ನಿಂತ ಅವರು, ಕಾಲೇಜಿನಲ್ಲಿ ವಾರಕ್ಕೆ 40ರಿಂದ 45 ಗಂಟೆ ಬ್ಯಾಸ್ಕೆಟ್‌ಬಾಲ್‌ಗೆ, ಸುಮಾರು 12 ಗಂಟೆ ಓದಿಗೆ ಹೋಗುತ್ತಿತ್ತು ಎಂದರು. ವಿದ್ಯಾರ್ಥಿಯ ವೇಷ ಹಾಕಿದ ಆಟಗಾರ ತಾನಾಗಿದ್ದೆ ಎಂಬ ಅರ್ಥದ ಮಾತೂ ಬಂತು.

ಆ ಆಗಸ್ಟ್ 8ರಂದು ವಿಲ್ಕನ್ ತೀರ್ಪು ಕೊಟ್ಟರು. ಮೇಲೆ ಹೇಳಿದ ಅದೇ ವಿಲ್ಕನ್. ಎನ್‌ಸಿಎಎಯ ನಿಯಮಗಳು 1890ರ ಏಕಸ್ವಾಮ್ಯ ವಿರೋಧಿ ಕಾಯ್ದೆಗೆ ವಿರುದ್ಧ ಎಂದರು. ಸರಳವಾಗಿ ಹೇಳುವುದಾದರೆ, ಊರಿನ ಹಿಟ್ಟಿನ ಗಿರಣಿಗಳೆಲ್ಲ ಸೇರಿ 'ಕೂಲಿಯವನಿಗೆ ಇಷ್ಟಕ್ಕಿಂತ ಹೆಚ್ಚು ಕೊಡುವುದು ಬೇಡ' ಎಂದು ಒಪ್ಪಂದ ಮಾಡಿಕೊಂಡರೆ ಅದು ಅಪರಾಧ. ವಿಶ್ವವಿದ್ಯಾಲಯಗಳು ಮಾಡಿದ್ದೂ ಅದನ್ನೇ. ಓದಿನ ಪೂರ್ತಿ ಖರ್ಚು ಕೊಡಲು ಅವಕಾಶವಿರಬೇಕು, ಜೊತೆಗೆ ಆಟಗಾರರ ಹೆಸರಿನಲ್ಲಿ ವರ್ಷಕ್ಕೆ 5,000 ಡಾಲರ್ ಠೇವಣಿ ಇಡಲು ತಡೆ ಇರಬಾರದು ಎಂದರು. ಮರುವರ್ಷ ಮೇಲ್ಮನವಿ ನ್ಯಾಯಾಲಯ ಕಾಯ್ದೆಯ ಉಲ್ಲಂಘನೆಯಾಗಿದೆ ಎಂಬುದನ್ನು ಎತ್ತಿಹಿಡಿದು, ಆ 5,000 ಡಾಲರ್ ಅನ್ನು ಮಾತ್ರ ಕತ್ತರಿಸಿತು. 2016ರಲ್ಲಿ ಸುಪ್ರೀಂ ಕೋರ್ಟ್ ಪ್ರಕರಣ ಕೈಗೆತ್ತಿಕೊಳ್ಳಲಿಲ್ಲ. ಏಳು ವರ್ಷದ ಹೋರಾಟಕ್ಕೆ ಸಿಕ್ಕಿದ್ದು ಅರ್ಧ ಗೆಲುವು.

ಆ ಅರ್ಧದ ಮೇಲೆಯೇ ಉಳಿದವರು ಕಟ್ಟಿದರು. 2019ರಲ್ಲಿ ಕ್ಯಾಲಿಫೋರ್ನಿಯಾ ತನ್ನ ಕಾಲೇಜು ಆಟಗಾರರು ತಮ್ಮ ಹೆಸರು, ಚಹರೆಯಿಂದ ಗಳಿಸಬಹುದು ಎಂಬ ಕಾಯ್ದೆ ತಂದಿತು. 2021ರ ಜೂನ್ 21ರಂದು ಆಲ್‌ಸ್ಟನ್ ಎಂಬ ಇನ್ನೊಬ್ಬ ಆಟಗಾರನ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಎನ್‌ಸಿಎಎ ವಿರುದ್ಧ ನಿಂತರು. ಹತ್ತು ದಿನದಲ್ಲಿ ಎನ್‌ಸಿಎಎ ಜಾಹೀರಾತು ಗಳಿಕೆಯ ನಿಷೇಧ ಸಡಿಲಿಸಿತು. ನಂತರ 2025ರ ರಾಜಿ. ಬಿತ್ತಿದವನೊಬ್ಬ, ಉಂಡವನೊಬ್ಬ ಎಂದು ನಾವು ನಿಟ್ಟುಸಿರಿನಿಂದ ಹೇಳುತ್ತೇವೆ. ಓಬ್ಯಾನನ್ ಮಾತ್ರ ಬಿತ್ತುವಾಗಲೇ ಉಣ್ಣುವವರು ಬೇರೆ ಎಂದು ತಿಳಿದು ಬಿತ್ತಿದವರು.

ಎಲ್ಲ ಸರಿಹೋಯಿತು ಎಂದಲ್ಲ. ಪರಿಹಾರದ ಬಹುಪಾಲು ಪುರುಷರ ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್ ಆಟಗಾರರಿಗೆ ಹೋಗುತ್ತದೆ. ಇದು ಲಿಂಗ ಸಮಾನತೆಯ ಕಾನೂನಿಗೆ ವಿರುದ್ಧ ಎಂದು ಮಹಿಳಾ ಆಟಗಾರರು ಮೇಲ್ಮನವಿ ಸಲ್ಲಿಸಿದರು. ಹಣ ಇರುವ ವಿಶ್ವವಿದ್ಯಾಲಯಗಳು ಆಟಗಾರರನ್ನು ಸೆಳೆಯುತ್ತವೆ, ಹುಡುಗರು ವರ್ಷಕ್ಕೊಂದು ಕಾಲೇಜು ಬದಲಿಸುತ್ತಾರೆ. ಈಜು, ಕುಸ್ತಿ, ಜಿಮ್ನಾಸ್ಟಿಕ್ಸ್‌ನಂಥ ಆದಾಯವಿಲ್ಲದ ಆಟಗಳಿಗೆ ಕತ್ತರಿ ಬೀಳುವ ಭಯ ಇದೆ. ಅಮೆರಿಕದ ಒಲಿಂಪಿಕ್ ಪದಕಗಳ ತಾಯಿಬೇರು ಇರುವುದು ಈ ಕಾಲೇಜುಗಳಲ್ಲೇ ಆದ್ದರಿಂದ ಆತಂಕವನ್ನು ತಳ್ಳಿಹಾಕಲಾಗದು. ಆದರೆ ಈಜುಕೊಳದ ಖರ್ಚನ್ನು ಒಬ್ಬ ಬ್ಯಾಸ್ಕೆಟ್‌ಬಾಲ್ ಹುಡುಗ, ಅದೂ ಹೆಚ್ಚಾಗಿ ಬಡ ಮನೆಯಿಂದ ಬಂದ ಕಪ್ಪು ಹುಡುಗ, ತನ್ನ ದುಡಿಮೆಯಿಂದ ಕೇಳದೇ ಭರಿಸಬೇಕು ಎಂಬುದಕ್ಕೆ ಸಮರ್ಥನೆ ಸಿಗುವುದಿಲ್ಲ. ಒಳ್ಳೆಯ ಕೆಲಸಕ್ಕೆ ಹಣ ಬೇಕು ಎಂದಾದರೆ ಅದನ್ನು ಕೋಚ್‌ಗಳ ಲಕ್ಷಾಂತರ ಡಾಲರ್ ಸಂಬಳದಿಂದ ಏಕೆ ಮೊದಲು ಕೇಳಬಾರದು?

ಇನ್ನು ನಮ್ಮ ಕಡೆಯ ಮಾತು. ತನ್ನ ಚಹರೆಯ ಮೇಲೆ ತನಗಿರುವ ಹಕ್ಕು ಭಾರತದಲ್ಲಿ ಗಟ್ಟಿಯಾದದ್ದು ಒಬ್ಬ ಕನ್ನಡಿಗರ ಹೆಸರಿನ ಪ್ರಕರಣದಿಂದ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದಿತು. ಅದರಲ್ಲಿ ನ್ಯಾಯಮೂರ್ತಿ ಸಂಜಯ್ ಕಿಶನ್ ಕೌಲ್ ಬರೆದ ಪ್ರತ್ಯೇಕ ತೀರ್ಪು, ತನ್ನ ಗುರುತಿನ ವಾಣಿಜ್ಯ ಬಳಕೆಯ ಮೇಲೆ ಪ್ರತಿಯೊಬ್ಬರಿಗೂ ಹಿಡಿತ ಇರಬೇಕು ಎಂದು ಹೇಳುತ್ತದೆ. ಪುಟ್ಟಸ್ವಾಮಿ ಅವರಿಗೂ ಆ ದಾವೆಯಿಂದ ಸ್ವಂತಕ್ಕೆ ಆಗಬೇಕಾದ್ದು ಏನೂ ಇರಲಿಲ್ಲ.

ಆ ಹಕ್ಕು ಇವತ್ತು ಯಾರಿಗೆ ದಕ್ಕುತ್ತಿದೆ ನೋಡಿ. 2023ರಲ್ಲಿ ಅನಿಲ್ ಕಪೂರ್ ತಮ್ಮ ಚಹರೆ, ಧ್ವನಿ ಬಳಸದಂತೆ ದೆಹಲಿ ಹೈಕೋರ್ಟಿನಿಂದ ಆದೇಶ ತಂದರು. 2024ರಲ್ಲಿ ಗಾಯಕ ಅರಿಜಿತ್ ಸಿಂಗ್ ತಮ್ಮ ಕಂಠದ ನಕಲಿಗೆ ಬಾಂಬೆ ಹೈಕೋರ್ಟಿನಿಂದ ತಡೆ ತಂದರು. ಸರಿಯಾದದ್ದೇ. ಆದರೆ ಹೆಸರಿದ್ದವರಿಗೆ ವಕೀಲರಿದ್ದಾರೆ. ಹೆಸರಿಲ್ಲದವರ ಗತಿಯೇನು? ಗ್ರಾಹಕ ಸೇವೆಗೆ ಫೋನ್ ಮಾಡಿದರೆ, 'ತರಬೇತಿಯ ಉದ್ದೇಶಕ್ಕಾಗಿ ಈ ಕರೆ ರೆಕಾರ್ಡ್ ಆಗಬಹುದು' ಎಂದು ಕೇಳಿಸುತ್ತದೆ. ಇಪ್ಪತ್ತು ವರ್ಷದ ಹಿಂದೆ ಅದರ ಅರ್ಥ ಹೊಸ ನೌಕರರಿಗೆ ತರಬೇತಿ ಎಂದಿತ್ತು. ಇವತ್ತು ಅದೇ ವಾಕ್ಯದ ಅರ್ಥ ಯಂತ್ರಕ್ಕೆ ತರಬೇತಿ ಎಂದೂ ಆಗಬಹುದು. ಆ ಧ್ವನಿ ಕರೆ ಮಾಡಿದವನದೂ ಹೌದು, ರಾತ್ರಿ ಪಾಳಿಯಲ್ಲಿ ಉತ್ತರಿಸುವ ಹುಡುಗಿಯದೂ ಹೌದು. ನಾಳೆ ಆಕೆಯ ಧಾಟಿಯಲ್ಲೇ ಮಾತಾಡುವ ಸಾಫ್ಟ್‌ವೇರ್ ಬಂದು ಆಕೆಯ ಕುರ್ಚಿ ಖಾಲಿಯಾದರೆ, 'ಅದರಲ್ಲಿ ನಿನ್ನ ಹೆಸರಿಲ್ಲವಲ್ಲ' ಎಂಬ ಉತ್ತರ ಸಿದ್ಧವಾಗಿರುತ್ತದೆ. 2023ರ ನಮ್ಮ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಕೂಡ, ನಾವೇ ಸಾರ್ವಜನಿಕವಾಗಿ ಹಾಕಿಕೊಂಡ ಮಾಹಿತಿಯನ್ನು ತನ್ನ ರಕ್ಷಣೆಯಿಂದ ಹೊರಗಿಟ್ಟಿದೆ.

ಐಟಿ ವಲಯದ ನಾವು ಕೆಲಸಕ್ಕೆ ಸೇರುವ ದಿನ ಹತ್ತಾರು ಪುಟಗಳಿಗೆ ಸಹಿ ಹಾಕುತ್ತೇವೆ. ಅಮೆರಿಕದ ಕಾಲೇಜು ಆಟಗಾರರೂ ಪ್ರತಿ ವರ್ಷ ಇಂಥ ಫಾರ್ಮಿಗೆ ಸಹಿ ಹಾಕಬೇಕಿತ್ತು. ಹಾಕದಿದ್ದರೆ ಅಂಗಣಕ್ಕೆ ಇಳಿಯುವಂತಿರಲಿಲ್ಲ. ಹದಿನೆಂಟರ ಹುಡುಗ ಆಗ ಒಬ್ಬನೇ ಏನು ಚೌಕಾಸಿ ಮಾಡಿಯಾನು? 2023ರಲ್ಲಿ ಹಾಲಿವುಡ್ ನಟರು ತಮ್ಮ ಡಿಜಿಟಲ್ ಪ್ರತಿರೂಪದ ಬಳಕೆಗೆ ಒಪ್ಪಿಗೆ, ಸಂಭಾವನೆ ಎರಡೂ ಬೇಕೆಂದು 118 ದಿನ ಮುಷ್ಕರ ಹೂಡಿ ಷರತ್ತುಗಳನ್ನು ಬರೆಸಿಕೊಂಡರು. ಸಂಘ ಇದ್ದುದರಿಂದ ಅದು ಸಾಧ್ಯವಾಯಿತು. ನಮ್ಮಲ್ಲಿ ಕೇಳುವ ಅಭ್ಯಾಸವೂ ಇನ್ನೂ ಬಂದಿಲ್ಲ.

ಕಾಲೇಜು ಫುಟ್‌ಬಾಲ್ ಗೇಮ್ ಹನ್ನೊಂದು ವರ್ಷದ ನಂತರ 2024ರ ಜುಲೈನಲ್ಲಿ ಮರಳಿ ಬಂತು. ಈ ಸಲ ಕಂಪನಿ ಆಟಗಾರರಿಗೆ ಒಪ್ಪಿಗೆ ಪತ್ರ ಕಳಿಸಿತು. ಒಪ್ಪಿದವರಿಗೆ 600 ಡಾಲರ್, ಅಂದರೆ ಸುಮಾರು 50 ಸಾವಿರ ರೂಪಾಯಿ, ಜೊತೆಗೆ ಗೇಮ್‌ನ ಒಂದು ಪ್ರತಿ. ಹತ್ತು ಸಾವಿರಕ್ಕೂ ಹೆಚ್ಚು ಹುಡುಗರು ಹೂಂ ಎಂದರು; ಅವರ ನಿಜ ಹೆಸರುಗಳೇ ಪರದೆಯ ಮೇಲೆ ಬಂದವು. ಕಂಪನಿಯ ಲಾಭದ ಮುಂದೆ 600 ಡಾಲರ್ ತೀರಾ ಕಡಿಮೆ ಎನ್ನುವವರಿದ್ದಾರೆ, ಅದು ನಿಜವೂ ಇರಬಹುದು. ಆದರೆ ಆ ಹುಡುಗರನ್ನು ಮೊದಲು ಕೇಳಲಾಯಿತು. ಬೇಡ ಎನ್ನುವ ಅವಕಾಶವೂ ಅವರಿಗಿತ್ತು. ಕಾರು ಮಾರುತ್ತಿದ್ದ ಮಾಜಿ ಆಟಗಾರನೊಬ್ಬ ಏಳು ವರ್ಷ ಕೋರ್ಟು ಅಲೆದು, ತನಗಾಗಿ ಏನನ್ನೂ ಕೇಳದೆ, ಅಪರಿಚಿತ ಮಕ್ಕಳಿಗೆ ಗಳಿಸಿಕೊಟ್ಟದ್ದು ಈ ಒಂದು ಪ್ರಶ್ನೆ: 'ನಿನ್ನನ್ನು ಬಳಸಿಕೊಳ್ಳಬಹುದೇ?' ನಮ್ಮ ಮುಂದೆ ಬರುವ ಫಾರ್ಮುಗಳಲ್ಲಿ ಆ ಪ್ರಶ್ನೆ ಎಲ್ಲಿದೆ ಎಂದು ಸಹಿಗೆ ಮೊದಲು ಹುಡುಕೋಣ. ಕಾಣದಿದ್ದರೆ ನಾವೇ ಕೇಳೋಣ, ಸಾಧ್ಯವಾದಷ್ಟೂ ನಾಲ್ಕು ಜನ ಸೇರಿ.